ಭಾನುವಾರ ಸ್ಕೇಟಿಂಗ್ ಗೇಮ್: ಬರುವವರು ಹೆಸರು ಹಾಕಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಬಳ್ಳಾರಿ ಗಾಂಧಿನಗರದ ನಮ್ಮ ಮನೆಯಲ್ಲಿ ‘ಟೋನಿ ಹಾಕ್ಸ್ ಪ್ರೋ ಸ್ಕೇಟರ್’ ವಿಡಿಯೋ ಗೇಮ್ ಆಡೋಣ. 1999ರ ಪ್ಲೇಸ್ಟೇಷನ್ ಸಿಡಿ, 2000ರ ನಿಂಟೆಂಡೊ 64 ಕಾರ್ಟ್ರಿಡ್ಜ್ ಎರಡೂ ಇವೆ. ಕಾರ್ಟ್ರಿಡ್ಜ್‌ನಲ್ಲಿ ಜಾಗ ಕಡಿಮೆ, ಹಾಡುಗಳನ್ನು ಕತ್ತರಿಸಿಬಿಟ್ಟಿದ್ದಾರೆ. ಲೋಡಿಂಗ್‌ಗೆ ಜಾಸ್ತಿ ಕಾಯಬೇಕಿಲ್ಲ ಅನ್ನೋದು ನಿಜ. ಆದ್ರೂ ಹಾಡಿಲ್ಲದೆ ಏನು ಮಜಾ? ನನ್ನ ಓಟು ಸಿಡಿಗೇ.

ಪ್ಲೇಸ್ಟೇಷನ್ ಮೆಮೊರಿ ಕಾರ್ಡ್ ಇರುವವರು ಮರೆಯದೆ ತನ್ನಿ. ಕಳೆದ ಸಲ ಸೇವ್ ಆಗದೆ ‘ಸ್ಕೂಲ್’ ಲೆವೆಲ್‌ನಲ್ಲಿ ಪಟ್ಟ ಕಷ್ಟವೆಲ್ಲ ಹೋಯ್ತಲ್ವಾ! ಒಬ್ಬರಿಗೆ ಒಂದೇ ರನ್, 2 ನಿಮಿಷ. ಆಮೇಲೆ ಕಂಟ್ರೋಲರ್ ಪಕ್ಕದವರಿಗೆ. ಬಟನ್ ಅಂಟಿಕೊಳ್ಳುವ ಬೂದು ಕಂಟ್ರೋಲರ್ ನನಗೇ ಇರಲಿ.

ಕರೆಂಟ್ ಹೋದರೆ ಒಗ್ಗರಣೆ-ಮಿರ್ಚಿ ಇದೆ. ಎಷ್ಟು ಪ್ಲೇಟ್ ಹೇಳಬೇಕು ಅಂತ ಗೊತ್ತಾಗಲಿ, ಶನಿವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.