ಒಬ್ಬ ಕಡಿಮೆಯಾದರೆ

ಆತ್ಮೀಯ ಸದಸ್ಯರೇ,

ನಮ್ಮ ಕನ್ನಡ ಸಂಘದ ಪತ್ರಿಕೆಯ ರಾಜ್ಯೋತ್ಸವ ಸಂಚಿಕೆಯ ಪುಟಗಳು ನಾಳೆ ಬೆಳಗಾಗುವುದರೊಳಗೆ ವಿನ್ಯಾಸ ಮಾಡುವವರ ಕೈ ಸೇರಬೇಕಾಗಿದೆ. ಉಳಿದ ಲೇಖನಗಳೆಲ್ಲ ಬಂದಿವೆ, ಸಂಪಾದಕೀಯವೊಂದೇ ಬಾಕಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಡ್ಮಂಡಿನ ಮೈದಾನವೊಂದರ ಪಕ್ಕದಲ್ಲಿ ಕಾರು ನಿಲ್ಲಿಸಿಕೊಂಡು, ಅಕ್ಟೋಬರ್ ಮಳೆಯಲ್ಲಿ ದೀಪಗಳ ಕೆಳಗೆ ಓಡುತ್ತಿರುವ ದೊಡ್ಡ ಮಗನ ಸಾಕರ್ ಅಭ್ಯಾಸ ಮುಗಿಯುವುದರೊಳಗೆ ಇದನ್ನು ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ. ಏಕೀಕರಣದ ಬಗ್ಗೆ ಬರೆಯುವ ಯೋಚನೆಯಿತ್ತು. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಕಳೆದ ವಾರ ನಮ್ಮ ಚಿಕ್ಕ ಮಗ ಕೇಳಿದ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತೇನೆ.

ಶನಿವಾರ ಬೆಳಿಗ್ಗೆ ಅವನಿಗೆ ಸಾಕರ್ ಪಂದ್ಯ, ಅದೇ ಹೊತ್ತಿಗೆ ರಾಜ್ಯೋತ್ಸವದ ಸಮೂಹಗಾನದ ಅಭ್ಯಾಸ. ಈ ಸಲ ಪಂದ್ಯ ಬೇಡ, ಹಾಡಿನ ಅಭ್ಯಾಸಕ್ಕೆ ಹೋಗೋಣ ಎಂದೆ. ಒಂಬತ್ತು ವರ್ಷದ ಹುಡುಗ ಹಟ ಮಾಡಲಿಲ್ಲ, ಅಳಲಿಲ್ಲ. "ನಾನು ಮ್ಯಾಚಿಗೆ ಹೋಗದಿದ್ರೆ ನಮ್ಮ ಟೀಮಲ್ಲಿ ಆರೇ ಜನ ಆಗ್ತಾರೆ ಅಮ್ಮಾ. ಹಾಡೋಕೆ ನಾನು ಬರದಿದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?" ಎಂದು ಕೇಳಿದ. ಉತ್ತರ ತಿಳಿಯುವುದಕ್ಕಾಗಿಯೇ ಕೇಳಿದ ಪ್ರಶ್ನೆ ಅದು. ನಲವತ್ತು ಮಕ್ಕಳು ಮೂರು ಸಾಲಿನಲ್ಲಿ ನಿಂತು ಹಾಡುವ ನಮ್ಮ ವೇದಿಕೆಯನ್ನು ಕಣ್ಣ ಮುಂದೆ ತಂದುಕೊಂಡು ನೋಡಿದರೆ, ಪ್ರಾಮಾಣಿಕವಾದ ಉತ್ತರ ಏನೆಂದು ನಿಮಗೂ ಹೊಳೆಯುತ್ತದೆ.

"ಮಕ್ಕಳು ಕಾರ್ಯಕ್ರಮಕ್ಕೆ ಬರುತ್ತಿಲ್ಲ, ಶನಿವಾರಗಳನ್ನೆಲ್ಲ ಆಟ ನುಂಗಿಹಾಕಿದೆ" ಎಂಬ ಮಾತು ನಮ್ಮ ಸಮಿತಿಯ ಸಭೆಗಳಲ್ಲಿ ಎರಡು ವರ್ಷದಿಂದ ಕೇಳಿಬರುತ್ತಿದೆ. ಮೂವರು ಗಂಡುಮಕ್ಕಳನ್ನು ಮೂರು ಮೈದಾನಗಳಿಗೆ ಮುಟ್ಟಿಸುವುದರಲ್ಲಿಯೇ ಶನಿವಾರವನ್ನು ಕಳೆಯುವ ನನಗೆ ಆ ಮಾತಿನ ಹಿಂದಿರುವ ಬೇಸರ ಚೆನ್ನಾಗಿ ಗೊತ್ತು. ಬೆಳಿಗ್ಗೆ ಚಿಕ್ಕವನನ್ನು ಸಮಾಮಿಶ್‌ನಲ್ಲಿ ಇಳಿಸಿ, ನಡುವಿನವನ ಬೇಸ್‌ಬಾಲಿಗೆಂದು ಇಸ್ಸಾಕ್ವಾಕ್ಕೆ ಓಡಿ, ಮಧ್ಯಾಹ್ನ ದೊಡ್ಡವನನ್ನು ಟಕ್ವಿಲಾಕ್ಕೆ ಕರೆದೊಯ್ಯುವಷ್ಟರಲ್ಲಿ ಕಾರೇ ಊಟದ ಮನೆಯಾಗಿರುತ್ತದೆ. ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ಕೈಯಿಂದ ಕೈಗೆ ಸಾಗುತ್ತದೆ. ಕೃತಕ ಹುಲ್ಲಿನ ಮೈದಾನದ ಕರಿಯ ರಬ್ಬರ್ ಕಾಳುಗಳು ಬೂಟಿನಿಂದ ಕಾಲುಚೀಲಕ್ಕೆ, ಕಾಲುಚೀಲದಿಂದ ಕಾರ್ಪೆಟ್ಟಿಗೆ ದಾಟಿ ಕೊನೆಗೆ ದೇವರ ಮನೆಯ ಮಣೆಯ ಕೆಳಗೂ ಸಿಗುತ್ತವೆ. ಸಾಸಿವೆಯೆಂದುಕೊಂಡು ಬೆರಳಲ್ಲಿ ಒತ್ತಿದರೆ ಮೆತ್ತಗೆ ಕುಗ್ಗುತ್ತವೆ. ಹುಡುಗರು ಮೈದಾನದಲ್ಲಿ ಆಡುವುದು ಪೂರ್ತಿ ಇಂಗ್ಲಿಷು, ಆದರೆ ಕಾರಿನಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುವುದು ಕನ್ನಡದಲ್ಲಿ. ಅವರಿಗೆ ಬರುವ ಕನ್ನಡದ ಬಹುಪಾಲು ಈ ದಾರಿಗಳಲ್ಲಿ ಕಲಿತದ್ದೇ.

ದಣಿವಿನ ನಡುವೆಯೂ, ಮೈದಾನದ ಅಂಚಿನಲ್ಲಿ ಮಡಚು ಕುರ್ಚಿ ಹಾಕಿಕೊಂಡು ಕುಳಿತಾಗ ನಾನು ಗಮನಿಸಿದ ಕೆಲವು ಸಂಗತಿಗಳನ್ನು ಹೇಳಲೇಬೇಕು. ಒಂಬತ್ತು-ಹತ್ತು ವರ್ಷದವರ ಸಾಕರಿನಲ್ಲಿ ಒಂದು ತಂಡಕ್ಕೆ ಏಳೇ ಜನ, ಇನ್ನೂ ಚಿಕ್ಕವರಿಗೆ ನಾಲ್ಕೇ ಜನ. ಹನ್ನೊಂದು ಜನರ ಪೂರ್ಣ ಆಟ ಶುರುವಾಗುವುದು ಹದಿಮೂರರ ವಯೋಮಾನದಿಂದ. ಚಿಕ್ಕ ತಂಡವಿದ್ದರೆ ಪ್ರತಿ ಮಗುವಿನ ಕಾಲಿಗೂ ಚೆಂಡು ಹೆಚ್ಚು ಸಲ ಸಿಗುತ್ತದೆ ಎಂಬ ಲೆಕ್ಕಾಚಾರದಿಂದಲೇ ಇಲ್ಲಿನ ಸಾಕರ್ ಒಕ್ಕೂಟ ಈ ಕ್ರಮವನ್ನು ದೇಶದಾದ್ಯಂತ ತಂದಿದೆ. ನಡುವಿನ ಮಗ ಆಡುವ ಲಿಟಲ್ ಲೀಗ್ 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟಿನಲ್ಲಿ ಹುಟ್ಟಿದ್ದು. ಅದರ ನಿಯಮದ ಪ್ರಕಾರ ತಂಡದ ಪಟ್ಟಿಯಲ್ಲಿರುವ ಪ್ರತಿಯೊಬ್ಬ ಹುಡುಗನೂ ಪ್ರತಿ ಪಂದ್ಯದಲ್ಲಿ ಎದುರಾಳಿಯ ಕನಿಷ್ಠ ಆರು ಔಟ್‌ಗಳಷ್ಟು ಹೊತ್ತು ಫೀಲ್ಡಿಂಗ್ ಮಾಡಬೇಕು, ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು. ಚೆಂಡು ಹಿಡಿಯಲು ಬಾರದವನೇ ಇರಲಿ, ಅವನನ್ನು ಬೆಂಚಿನ ಮೇಲೆ ಕೂರಿಸಿ ಗೆಲ್ಲುವುದಕ್ಕೆ ಕೋಚಿಗೆ ಅವಕಾಶವಿಲ್ಲ. ಇನ್ನು ದೊಡ್ಡವನು ತರಬೇತಿ ಪಡೆದು ಸೀಟಿ ಹಿಡಿದಿದ್ದಾನೆ. ಭಾನುವಾರಗಳಲ್ಲಿ ಪುಟ್ಟ ಮಕ್ಕಳ ಪಂದ್ಯಗಳಿಗೆ ಅವನೇ ರೆಫರಿ. ಅವನು ಬರದಿದ್ದರೆ ಆ ಪಂದ್ಯವೇ ಶುರುವಾಗುವುದಿಲ್ಲವಾದ್ದರಿಂದ, ಶಾಲೆಗೆ ಎಬ್ಬಿಸಬೇಕಾದ ಹುಡುಗ ಅಂದು ತಾನಾಗಿಯೇ ಏಳುತ್ತಾನೆ.

ಇದನ್ನೆಲ್ಲ ಕಂಡಾಗ ನನಗೆ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಮನೆ ನೆನಪಾಗುತ್ತದೆ. ಅಪ್ಪನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನಾಲ್ವರು ಅಣ್ಣಂದಿರ ಬೆನ್ನಿಗೆ ಹುಟ್ಟಿದವಳು ನಾನು. ನಾಲ್ವರೂ ಆಡುತ್ತಿದ್ದರು, ಒಬ್ಬನಿಗೆ ಬಾಲ್ ಬ್ಯಾಡ್ಮಿಂಟನ್, ಒಬ್ಬನಿಗೆ ವಾಲಿಬಾಲ್, ಉಳಿದಿಬ್ಬರಿಗೆ ಖೋ ಖೋ. ನಾಲ್ವರಿಗೂ ಸೇರಿ ಮನೆಯಲ್ಲಿದ್ದದ್ದು ಎರಡು ಜೊತೆ ಕ್ಯಾನ್ವಾಸ್ ಶೂ. ಭಾನುವಾರ ಸಂಜೆ ಒಬ್ಬ ಕೆಂಪು ಮಣ್ಣಿನಲ್ಲಿ ಆಡಿ ಬಂದರೆ, ಸೋಮವಾರದ ಡ್ರಿಲ್ಲಿಗೆ ಇನ್ನೊಬ್ಬನಿಗೆ ಅದೇ ಶೂ ಬೆಳ್ಳಗಾಗಿರಬೇಕು. ಅಮ್ಮ ರಾತ್ರಿ ಅದನ್ನು ತೊಳೆದು, ಒಲೆಯ ಕಟ್ಟೆಯ ಮೇಲೆ ಒಣಗಿಸಿ, ಬೆಳಿಗ್ಗೆ ನಮ್ಮ ಕೈಗೆ ಸೀಮೆಸುಣ್ಣ ಕೊಟ್ಟು ಉಜ್ಜಿಸುತ್ತಿದ್ದಳು. ಅಮ್ಮನಾಗಲಿ ಅಪ್ಪನಾಗಲಿ ಮಕ್ಕಳ ಆಟ ನೋಡಲು ಮೈದಾನಕ್ಕೆ ಹೋದವರಲ್ಲ. ಆ ಕಾಲದಲ್ಲಿ ಯಾರ ಮನೆಯಲ್ಲೂ ಹೋಗುತ್ತಿರಲಿಲ್ಲ.

ಮೂರನೆಯ ಅಣ್ಣ ಒಂಬತ್ತನೇ ತರಗತಿಯಲ್ಲಿದ್ದ ವರ್ಷ, ತಾಲ್ಲೂಕು ಕ್ರೀಡಾಕೂಟದ ಖೋ ಖೋ ಪಂದ್ಯವೂ ನಮ್ಮ ಮನೆಯ ಅನಂತಪದ್ಮನಾಭ ವ್ರತವೂ ಒಂದೇ ದಿನ ಬಿದ್ದವು. ಖೋ ಖೋದಲ್ಲಿ ಅಟ್ಟುವ ತಂಡದ ಎಂಟು ಜನ ಎರಡು ಕಂಬಗಳ ನಡುವಿನ ಎಂಟು ಚೌಕಗಳಲ್ಲಿ, ಅಂದರೆ ಮನೆಗಳಲ್ಲಿ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವನು ಓಡುತ್ತಾನೆ. ಅಂದು ಆ ಶಾಲೆಯ ತಂಡದಲ್ಲಿ ಹೆಚ್ಚುವರಿ ಆಟಗಾರರು ಯಾರೂ ಉಳಿದಿರಲಿಲ್ಲ. ಇಬ್ಬರಿಗೆ ಜ್ವರ, ಒಬ್ಬ ಊರಿಗೆ ಹೋಗಿದ್ದ. ಪೂಜೆ ಅರ್ಧಕ್ಕೆ ಬಂದಿರುವಾಗ ಎಂಟು ಹುಡುಗರು ಗೇಟಿನ ಹೊರಗೆ ಬಂದು ನಿಂತರು. ಕೂಗಲಿಲ್ಲ, ಒಳಗೆ ಬರಲೂ ಇಲ್ಲ. ಅಮ್ಮ ಮಡಿಯಲ್ಲಿದ್ದವಳು ಬಾಗಿಲವರೆಗೆ ಬಂದು, ಪೂಜೆ ಮುಗಿಯುವವರೆಗೆ ಯಾರೂ ಏಳುವ ಹಾಗಿಲ್ಲವೆಂದೂ ಇವತ್ತು ಅವನಿಗೆ ಬರಲಾಗದೆಂದೂ ಹೇಳಿದಳು. ಆಗ ಅವರ ಕ್ಯಾಪ್ಟನ್, ಅಣ್ಣನಿಗಿಂತ ಗಿಡ್ಡನೆಯ ಹುಡುಗ, "ಒಂದು ಮನೆ ಖಾಲಿ ಬಿಟ್ಟು ಹೆಂಗೆ ಕೂರೋದು ಅಮ್ಮಾ?" ಎಂದ. ಅಷ್ಟು ಹೇಳಿ ಸುಮ್ಮನೆ ನಿಂತ, ಜೊತೆಯವರೂ ನಿಂತೇ ಇದ್ದರು. ಮಾತು ದೇವರ ಮುಂದೆ ಕುಳಿತಿದ್ದ ಅಪ್ಪನಿಗೂ ಕೇಳಿಸಿತ್ತು. ಪೂಜೆಯ ನಡುವೆ ಮಾತಾಡದ ಅಪ್ಪ, ತಲೆ ತಿರುಗಿಸದೆಯೇ ಎಡಗೈಯನ್ನು ಒಮ್ಮೆ ಹಿಂದಕ್ಕೆ ಬೀಸಿ ಹೋಗು ಎಂದು ಸನ್ನೆ ಮಾಡಿದರು. ಅಣ್ಣ ಪಂಚೆ ಬಿಚ್ಚಿ ಚಡ್ಡಿ ಹಾಕಿಕೊಂಡು ಓಡಿದ ರಭಸಕ್ಕೆ ಬಾಗಿಲಿನ ರಂಗೋಲಿ ಅಳಿಸಿತು. ಆ ಪಂದ್ಯದಲ್ಲಿ ಅವರು ಸೋತರು. ಸಂಜೆ ಒಂಬತ್ತು ಜನವೂ ಮೊಣಕಾಲುದ್ದ ಕೆಮ್ಮಣ್ಣಿನೊಂದಿಗೆ ನಮ್ಮ ಜಗಲಿಯ ಮೇಲೆ ಸಾಲಾಗಿ ಕುಳಿತು ಪ್ರಸಾದದ ಕಜ್ಜಾಯ ತಿಂದರು, ಅಪ್ಪ ಅಣ್ಣನ ತೋಳಿಗೆ ಅನಂತನ ದಾರ ಕಟ್ಟಿದರು. ಮೈದಾನಕ್ಕೆ ಎಂದೂ ಹೋಗದಿದ್ದ ಅಪ್ಪ ಅಂದು ಆ ಹುಡುಗರನ್ನು ಒಬ್ಬೊಬ್ಬರಾಗಿ ಯಾವ ಮನೆಯಲ್ಲಿ ಕೂರುತ್ತೀಯೆಂದು ಕೇಳಿ ತಿಳಿದುಕೊಂಡರು.

ಹಬ್ಬಕ್ಕೂ ಆಟಕ್ಕೂ ವೈರವಿದೆ ಎಂದು ಯಾರಾದರೂ ಹೇಳಿದಾಗ ನಾನು ಒಪ್ಪದಿರುವುದು ಆ ಜಗಲಿಯನ್ನು ಕಂಡಿರುವುದರಿಂದಲೇ. ನಾನಿಲ್ಲದಿದ್ದರೆ ಇವರ ಕೆಲಸ ನಿಲ್ಲುತ್ತದೆ ಎಂಬ ತಿಳಿವಳಿಕೆ ಮಗುವಿಗೆ ಎಲ್ಲಿ ಸಿಗುತ್ತದೆಯೋ ಅಲ್ಲಿಗೆ ಅದು ಹೋಗುತ್ತದೆ. ನಾವು ನಮ್ಮ ಮಕ್ಕಳಿಗೆ ಕನ್ನಡದ ಹೆಸರಿನಲ್ಲಿ ಕೊಡುತ್ತಿರುವುದು ಮೂರನೆಯ ಸಾಲಿನ ಜಾಗ, ಬಾಡಿಗೆಯ ಪೇಟ, ಫೋಟೋಗೆ ಒಂದು ನಿಮಿಷದ ನಗು. "ಸಂಸ್ಕೃತಿ ಆಟದ ವೇಳಾಪಟ್ಟಿಗೆ ತಲೆಬಾಗಬೇಕೇ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದ್ದಾರೆ. ಅವರ ಕಳಕಳಿಯ ಬಗ್ಗೆ ನನಗೆ ಗೌರವವಿದೆ. ಆದರೂ ಮಕ್ಕಳಿಲ್ಲದ ಸಭಾಂಗಣದಲ್ಲಿ ನಾವು ಉಳಿಸಿಕೊಳ್ಳುವ ಸಂಸ್ಕೃತಿ ನಮ್ಮ ಕಾಲಕ್ಕೇ ಮುಗಿದುಹೋಗುತ್ತದೆ ಎಂದು ನಾನು ನಂಬಿದ್ದೇನೆ.

ಆಟದ ಮೈದಾನದಲ್ಲಿ ಎಲ್ಲವೂ ಚೆನ್ನಾಗಿದೆ ಎಂದೂ ಹೇಳಲಾರೆ. ನಮ್ಮ ವಾಷಿಂಗ್ಟನ್ ರಾಜ್ಯದ ತಂದೆತಾಯಂದಿರು ಪ್ರತಿ ವರ್ಷ ತಲೆಪೆಟ್ಟಿನ ಕುರಿತ ಹಾಳೆಯೊಂದಕ್ಕೆ ಸಹಿ ಹಾಕುತ್ತೇವಲ್ಲ, ಅದರ ಹಿಂದೆ ಮೇಪಲ್ ವ್ಯಾಲಿಯ ಝ್ಯಾಕರಿ ಲಿಸ್ಟೆಡ್ ಎಂಬ ಹುಡುಗನಿದ್ದಾನೆ. 2006ರಲ್ಲಿ, ಹದಿಮೂರರ ಹರೆಯದಲ್ಲಿ, ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟಾದ ಮೇಲೂ ಮತ್ತೆ ಕಣಕ್ಕಿಳಿದು ಅವನ ಬದುಕೇ ಬದಲಾಯಿತು. ಅವನ ಹೆಸರಿನಲ್ಲಿ 2009ರಲ್ಲಿ ಬಂದ ಕಾನೂನಿನಿಂದಾಗಿ, ತಲೆಪೆಟ್ಟಿನ ಅನುಮಾನ ಬಂದ ಕೂಡಲೇ ಮಗುವನ್ನು ಆಟದಿಂದ ಹೊರಗೆ ಕರೆಯಬೇಕು, ವೈದ್ಯಕೀಯ ಒಪ್ಪಿಗೆ ಲಿಖಿತವಾಗಿ ಸಿಗುವವರೆಗೆ ಮರಳಿ ಆಡಿಸುವಂತಿಲ್ಲ. ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಹನ್ನೆರಡು ವರ್ಷದ ನಮ್ಮ ಪಿಚರ್ ದಿನಕ್ಕೆ 85 ಎಸೆತಗಳಿಗಿಂತ ಹೆಚ್ಚು ಎಸೆಯುವಂತಿಲ್ಲ, 66 ಮುಟ್ಟಿದರೆ ನಾಲ್ಕು ದಿನ ತೋಳಿಗೆ ವಿಶ್ರಾಂತಿ ಕೊಡಲೇಬೇಕು. ಇಷ್ಟು ಕಟ್ಟುನಿಟ್ಟು ಬೇಕಾಗಿರುವುದು ಮಕ್ಕಳ ಉತ್ಸಾಹಕ್ಕಿಂತ ಹೆಚ್ಚಾಗಿ ದೊಡ್ಡವರ ಆಸೆಗೆ ಲಗಾಮು ಹಾಕುವುದಕ್ಕೆ. ಅಲಬಾಮಾದಲ್ಲಿ ಹುಟ್ಟಿ ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದ ಕ್ರಿಕೆಟಿಗ ನೊಸ್ತುಶ್ ಕೆಂಜಿಗೆ ಅವರು 2024ರ ಜೂನಿನಲ್ಲಿ ಡಲ್ಲಾಸ್ ಬಳಿ ಪಾಕಿಸ್ತಾನದ ಮೂರು ವಿಕೆಟ್ ಕಿತ್ತು ಅಮೆರಿಕದ ಗೆಲುವಿನಲ್ಲಿ ಪಾಲು ಪಡೆದಾಗ ನಮ್ಮೆಲ್ಲರ ಮನೆಗಳಲ್ಲೂ ಸಂಭ್ರಮವಿತ್ತು. ಎಡಗೈ ಸ್ಪಿನ್ ಹಾಕುವ ನಮ್ಮ ದೊಡ್ಡವನಂತೂ ಅಂದು ನೆಲದ ಮೇಲೆ ನಿಲ್ಲಲಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ ಬರುತ್ತಿರುವುದೂ ಸಂತೋಷವೇ. ಆದರೆ ಅಲ್ಲಿಂದೀಚೆಗೆ ನಮ್ಮ ಮಕ್ಕಳ ಕ್ರಿಕೆಟ್ ಅಭ್ಯಾಸಗಳಲ್ಲಿ ಬೇಲಿಯಾಚೆಯಿಂದ ಅಪ್ಪಂದಿರ ದನಿ ಏರಿದೆ. ದಯವಿಟ್ಟು ಅದನ್ನು ತಗ್ಗಿಸೋಣ. ಮೂವರಲ್ಲಿ ಒಬ್ಬ ಚೆನ್ನಾಗಿ ಆಡಿದ ದಿನ ಇನ್ನೊಬ್ಬ ಸೋತು ಬಂದಿರುತ್ತಾನೆ. ಒಂದೇ ಕಾರಿನಲ್ಲಿ ಇಬ್ಬರನ್ನೂ ಮನೆಗೆ ಕರೆತರುವವರಿಗೆ ಇದು ಬೇಗ ಅರ್ಥವಾಗುತ್ತದೆ.

ಸಮಿತಿಯ ಒಪ್ಪಿಗೆ ಪಡೆದು ಈ ಸಲ ಕೆಲವು ಬದಲಾವಣೆಗಳನ್ನು ಮಾಡಿದ್ದೇವೆ. ನಲವತ್ತು ಮಕ್ಕಳ ಒಂದೇ ಸಮೂಹಗಾನದ ಬದಲು ಏಳೇಳು ಮಕ್ಕಳ ಗುಂಪುಗಳಿರುತ್ತವೆ. ಪ್ರತಿ ಗುಂಪಿಗೂ ಒಂದು ಹಾಡು, ಪ್ರತಿ ಮಗುವಿಗೂ ಒಬ್ಬರೇ ಹೇಳಬೇಕಾದ ಎರಡು ಸಾಲು. ಯಾರಾದರೂ ಬರದಿದ್ದರೆ ಆ ಎರಡು ಸಾಲು ಬಿಟ್ಟುಹೋಗುತ್ತದೆ, ಅದು ಮಕ್ಕಳಿಗೂ ಗೊತ್ತಿರುತ್ತದೆ. ನಾಡಗೀತೆಯನ್ನು ಮಾತ್ರ ಎಲ್ಲರೂ ಒಟ್ಟಿಗೆ ಹಾಡುತ್ತೇವೆ. ಮೈಕು, ದೀಪ, ಪರದೆ, ನಿರೂಪಣೆಗಳ ಹೊಣೆ ಹದಿಮೂರು ದಾಟಿದವರಿಗೆ; ಅಲ್ಲಿ ದೊಡ್ಡವರು ಕೈಹಾಕುವುದಿಲ್ಲ. ಅಭ್ಯಾಸಗಳನ್ನು ಶನಿವಾರ ಬೆಳಗಿನಿಂದ ಶುಕ್ರವಾರ ಸಂಜೆಗೆ ಬದಲಾಯಿಸಲಾಗಿದೆ.

ಇನ್ನು ಕೆಲವು ಸೂಚನೆಗಳು, ಅವಸರದಲ್ಲಿ. ರಾಜ್ಯೋತ್ಸವ ನವೆಂಬರಿನ ಎರಡನೆಯ ಶನಿವಾರ ಸಂಜೆ ಐದಕ್ಕೆ. ಪಂದ್ಯದಿಂದ ನೇರವಾಗಿ ಜೆರ್ಸಿಯಲ್ಲೇ ಬರುವ ಮಕ್ಕಳಿಗೂ ಸ್ವಾಗತ, ಬಟ್ಟೆ ಬದಲಿಸಲು ಕೋಣೆಯಿದೆ, ರಬ್ಬರ್ ಕಾಳುಗಳನ್ನು ಹೊರಗೇ ಕೊಡವಿ ಬನ್ನಿ. ಚಳಿಗಾಲದ ಲೆಕ್ಕಕ್ಕೆ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ ಐದಕ್ಕೆಲ್ಲ ಕತ್ತಲಾಗಿರುತ್ತದೆ, ನಿಧಾನವಾಗಿ ಕಾರು ಓಡಿಸಿ. ಅಂದು ಸಭಾಂಗಣದ ಹೊರಗೆ ಒಂದು ಮೇಜಿರುತ್ತದೆ: ಮಕ್ಕಳಿಗೆ ಚಿಕ್ಕದಾದ ಬೂಟು, ಶಿನ್ ಗಾರ್ಡ್, ಗ್ಲವ್, ಪ್ಯಾಡುಗಳನ್ನು ತೊಳೆದು ತಂದಿಡಿ, ಬೇಕಾದವರು ಒಯ್ಯಲಿ. ಭಾನುವಾರದ ಕನ್ನಡ ತರಗತಿಗೆ ಹೊಸ ಮಕ್ಕಳ ನೋಂದಣಿ ತಿಂಗಳ ಕೊನೆಯವರೆಗೆ. ಬರುವ ಬೇಸಿಗೆಯ ವನಭೋಜನದಲ್ಲಿ ಹಗ್ಗಜಗ್ಗಾಟದ ಜೊತೆಗೆ ಖೋ ಖೋ ಆಡಿಸುವ ಯೋಚನೆಯಿದೆ; ಕಂಬ ನೆಡಲು, ಚೌಕ ಎಳೆಯಲು, ನಿಯಮ ಹೇಳಿಕೊಡಲು ಊರಿನಲ್ಲಿ ಆಡಿದ್ದವರು ಬೇಕು.

ಕೊನೆಯದಾಗಿ ನನ್ನದೊಂದು ಕೋರಿಕೆ. ಮಾರ್ಚಿನಿಂದ ಬೇಸ್‌ಬಾಲ್ ಶುರುವಾಗುತ್ತದೆ, ಯುಗಾದಿ ಸಂಚಿಕೆಯನ್ನು ಒಬ್ಬಳೇ ಹೊರತರಲು ನನ್ನಿಂದಾಗದು. ಕರಡು ತಿದ್ದುವವರೊಬ್ಬರು, ಪುಟವಿನ್ಯಾಸ ಬಲ್ಲವರೊಬ್ಬರು ಕೈಜೋಡಿಸಬೇಕೆಂದು ಬೇಡಿಕೊಳ್ಳುತ್ತೇನೆ. ಹಾಗೆಯೇ, ಮಕ್ಕಳ ಪಂದ್ಯಗಳ ವೇಳಾಪಟ್ಟಿ ಕೈಸೇರಿದ ದಿನವೇ ಅದರ ಒಂದು ಪ್ರತಿಯನ್ನು ಕಾರ್ಯದರ್ಶಿಗಳಿಗೆ ಕಳುಹಿಸಿಕೊಡಿ. ವಸಂತದ ಕಾರ್ಯಕ್ರಮಕ್ಕೆ ಸಭಾಂಗಣ ಕಾಯ್ದಿರಿಸುವುದು ಅದನ್ನು ನೋಡಿದ ಮೇಲೆಯೇ ಎಂದು ಸಮಿತಿ ತೀರ್ಮಾನಿಸಿದೆ.

— ಸಂಪಾದಕಿ