ಮಲ್ಲುವಿನ ಮೊಣಕಾಲು

ಮ್ಯಾಂಚೆಸ್ಟರ್

ಅವ್ವಾ,

ಶರಣು. ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. ಅಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಅಪ್ಪನ ಕಡೆ ಓದಿಸು, ಮಲ್ಲುವೂ ಪಕ್ಕದಲ್ಲೇ ಕೂತು ಕೇಳಲಿ.

ಮೊದಲು ಅವನ ಮೊಣಕಾಲಿಗೆ ಆ ಎಣ್ಣೆ ತಿಕ್ಕುವುದನ್ನು ನಿಲ್ಲಿಸು. ಜಮಖಂಡಿಯಲ್ಲಿ ಎಕ್ಸ್‌ರೇ ನೋಡಿ ಎಲುಬು ಸರಿ ಇದೆ ಅಂದರು, ಅಲ್ವಾ? ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಎಲುಬುಗಳನ್ನು ಹಿಡಿದಿಟ್ಟ ಲಿಗಮೆಂಟ್ ಕಾಣುವುದಿಲ್ಲ. ಕುಸ್ತಿಯಲ್ಲಿ ಎದುರಿನವನು ಕಾಲಿನ ಹೊರಮಗ್ಗುಲಿಗೆ ಬಿದ್ದ, ನೋವು ಒಳಮಗ್ಗುಲಲ್ಲಿ ಅಂದೆ. ಒಳಮಗ್ಗುಲಿನ ಲಿಗಮೆಂಟ್ ಜಗ್ಗಿರಬೇಕು ಅಂತ ನನ್ನ ಅನುಮಾನ.

ಅದನ್ನು ಸ್ಕ್ಯಾನಿಂಗ್‌ನಲ್ಲಿ ನೋಡಬಹುದು. ಬಸುರಿಯರಿಗೆ ಮಾಡುತ್ತಾರಲ್ಲ, ಅದೇ. ಮೈಮೇಲೆ ಹಿಡಿದು ಆಡಿಸುವ ಪ್ರೋಬ್ ಮಾತ್ರ ಬೇರೆ. ನನಗೆ ಇಲ್ಲಿ ದಿನಾ ಇದೇ ಕೆಲಸ. ಹೋದ ತಿಂಗಳು ಫುಟ್‌ಬಾಲ್ ಆಡುವ ಹುಡುಗನೊಬ್ಬ ಬಂದಿದ್ದ, ಮಲ್ಲುವಿನ ವಯಸ್ಸಿನವನೇ. ಜೆಲ್ ಹಚ್ಚಿ ಮೊದಲು ಅವನ ಒಳ್ಳೆಯ ಮೊಣಕಾಲು ನೋಡಿದೆ. ತೆರೆಯ ಮೇಲೆ ಲಿಗಮೆಂಟ್ ಬೆಳ್ಳಗೆ, ನೂಲಿನ ಎಳೆ ಒತ್ತಾಗಿ ಜೋಡಿಸಿದ ಹಾಗಿತ್ತು. ಪೆಟ್ಟಾದ ಕಾಲಲ್ಲಿ ಅದೇ ಜಾಗ ಬಾತು ಕಪ್ಪಾಗಿತ್ತು, ನಡುವೆ ಒಂದಿಷ್ಟು ಎಳೆ ಹರಿದಿದ್ದವು. ಕಾಲನ್ನು ಮೆಲ್ಲಗೆ ಹೊರಕ್ಕೆ ಒತ್ತಿ, ಸಂದು ಎಷ್ಟು ಬಾಯಿ ಬಿಡುತ್ತದೆ ಅಂತಲೂ ನೋಡಿದೆ. ಎಂಆರ್‌ಐನಲ್ಲಿ ಅಲ್ಲಾಡದೆ ಮಲಗಬೇಕು; ಇಲ್ಲಿ ಕಾಲು ಆಡಿಸುತ್ತಲೇ ನೋಡಬಹುದು. ನನಗೆ ಈ ಕೆಲಸ ಹಿಡಿಸಿದ್ದೇ ಅದಕ್ಕೆ.

ಆದರೆ ಸ್ಕ್ಯಾನಿಂಗ್ ಸರಿ ಬಂತು ಅಂತ ಸುಮ್ನೆ ಕೂರಬೇಡಿ. ಮೊಣಕಾಲಿನ ನಟ್ಟನಡುವಿನ ಲಿಗಮೆಂಟ್, ಗಾದಿಯಂಥ ಮೆನಿಸ್ಕಸ್ ಎಲುಬಿನ ಮರೆಯಲ್ಲಿರುತ್ತವೆ, ಇದರಲ್ಲಿ ಪೂರ್ತಿ ಕಾಣುವುದಿಲ್ಲ. ನಡೆಯುವಾಗ ಮೊಣಕಾಲು ಜಾರಿದಂತಾದರೆ, ಮಡಚಿದ್ದು ಸಿಕ್ಕಿಕೊಂಡರೆ ಎಂಆರ್‌ಐ ಮಾಡಿಸಲೇಬೇಕು. ರೊಕ್ಕದ ಚಿಂತೆ ಬೇಡ, ನಾನು ಕಳಿಸುತ್ತೇನೆ.

ಚಿಕ್ಕ ಮಷೀನ್ ತಂದು ನೀನೇ ನೋಡಬಾರದಾ ಅಂತ ಅಪ್ಪ ಕೇಳಿದ್ದರು. ಆಗುವುದಿಲ್ಲ. ಹೆಣ್ಣು ಭ್ರೂಣ ಉಳಿಸಲು 1994ರಲ್ಲಿ ಮಾಡಿದ ಕಾಯ್ದೆಯಿದೆ. ನೋಂದಣಿ ಇಲ್ಲದೆ ಸ್ಕ್ಯಾನಿಂಗ್ ಮಷೀನ್ ಇಡುವಂತಿಲ್ಲ. ಅದು ಸರಿಯೇ.

ಬಾಗಲಕೋಟೆಗೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿ. ಸ್ಕ್ಯಾನಿಂಗ್ ಬರೆದುಕೊಟ್ಟರೆ, ಮಾಡುವವರಿಗೆ ‘ಎರಡೂ ಮೊಣಕಾಲು ನೋಡ್ರಿ’ ಅಂತ ಹೇಳಿ. ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬಹುದು, ಎಕ್ಸ್‌ರೇ ಥರ ಇದರಲ್ಲಿ ವಿಕಿರಣ ಇಲ್ಲ. ನೋವು ಹೋಯಿತು ಅಂತ ಮಲ್ಲು ಗರಡಿಗೆ ಓಡಬಾರದು. ಡಾಕ್ಟರು ಹೂಂ ಅನ್ನಲಿ.

ರಿಪೋರ್ಟ್ ಕೈಗೆ ಬಂದ ಕೂಡಲೇ ಫೋಟೋ ಹೊಡೆದು ಕಳಿಸಲು ಹೇಳು. ರಾತ್ರಿ ಎಷ್ಟೊತ್ತಾದರೂ ಎದ್ದು ನೋಡುತ್ತೇನೆ.

ನಿನ್ನ ಮಗಳು