ಓದಿನ ಜೊತೆ ಗೆಳೆತನಕ್ಕೂ ಬಿಡುವು ಬೇಕು

ಮಾನ್ಯರೇ,

ನನ್ನ ಮಗಳು ಎಂಜಿನಿಯರಿಂಗ್ ಐದನೇ ಸೆಮಿಸ್ಟರ್‌ನಲ್ಲಿದ್ದಾಳೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ಈಗ ಪ್ರತಿ ವಿಷಯದ 100 ಅಂಕಗಳಲ್ಲಿ 50 ಆಂತರಿಕ ಮೌಲ್ಯಮಾಪನಕ್ಕೆ. ಕೊನೆಯ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳದೆ ಮಕ್ಕಳು ದಿನವೂ ಓದಲಿ ಎನ್ನುವ ಆಲೋಚನೆ ಒಳ್ಳೆಯದೇ. ಆದರೆ ಪ್ರತಿಯೊಬ್ಬ ಉಪನ್ಯಾಸಕರೂ ತಮ್ಮದೊಂದೇ ವಿಷಯ ಇರುವಂತೆ ಅಸೈನ್‌ಮೆಂಟ್ ಕೊಟ್ಟರೆ ಹೇಗೆ? ಇಂಟರ್ನಲ್ಸ್, ಲ್ಯಾಬ್ ರೆಕಾರ್ಡ್, ಮಿನಿ ಪ್ರಾಜೆಕ್ಟ್ ಎಲ್ಲವೂ ಒಂದೇ ವಾರದಲ್ಲಿ ಬಂದು ಕೂರುತ್ತವೆ. ಕಂಪ್ಯೂಟರ್‌ನಲ್ಲಿ ಆಗಲೇ ಓಡಿಸಿ ನೋಡಿದ ಪ್ರೋಗ್ರಾಮನ್ನು ಅವಳು ರಾತ್ರಿ ಒಂದು ಗಂಟೆಯವರೆಗೆ ರೆಕಾರ್ಡ್ ಪುಸ್ತಕಕ್ಕೆ ಕೈಯಲ್ಲಿ ಬರೆಯುತ್ತಾಳೆ. ಮಾರ್ಜಿನ್‌ಗೆ ಪೆನ್ಸಿಲ್, ಔಟ್‌ಪುಟ್‌ಗೆ ಬೇರೆ ಬಣ್ಣದ ಪೆನ್ನು. ಇದರಿಂದ ಕಲಿಯುವುದಾದರೂ ಏನು?

ಹಾಜರಾತಿ 85% ಇರಲೇಬೇಕು. ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಒಟ್ಟು ಸರಾಸರಿ ಅಂಕ) ಇಳಿದರೆ ಕಾಲೇಜಿನಲ್ಲೇ ನಡೆಯುವ ಉದ್ಯೋಗ ಆಯ್ಕೆಗೆ, ಅಂದರೆ ಪ್ಲೇಸ್‌ಮೆಂಟ್‌ಗೆ ಕೂರಲೂ ಆಗಲ್ಲ ಎಂಬ ಭಯ ಬೇರೆ. ಇಷ್ಟರ ನಡುವೆ ಅವಳು ವಾಲಿಬಾಲ್ ಬಿಟ್ಟಳು. ಗೆಳತಿಯರ ಜೊತೆ ಮಾತು ಬಸ್ಸಿನಲ್ಲಿ ಮಾತ್ರ. ಸಮಾಜದ ಜೊತೆ ಬೆರೆಯಲಿ ಎಂದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ತಂದ, ಸಮಾಜಮುಖಿ ಚಟುವಟಿಕೆಗಳಿಂದ ಗಳಿಸಬೇಕಾದ 100 ಆಕ್ಟಿವಿಟಿ ಪಾಯಿಂಟ್‌ಗಳೂ ಇವಳ ಪಾಲಿಗೆ ಬರೆದು ಒಪ್ಪಿಸಬೇಕಾದ ಇನ್ನೊಂದು ವರದಿ, ಅಷ್ಟೇ.

‘ಟೈಮ್ ಮ್ಯಾನೇಜ್ ಮಾಡಿಕೊಳ್ಳಿ’ ಎಂದು ಮಕ್ಕಳಿಗೆ ಸುಮ್ನೆ ಬುದ್ಧಿ ಹೇಳಿದರೆ ಸಾಲದು. ಸಮಯ ಅವರ ಕೈಯಲ್ಲೇ ಇಲ್ವಲ್ಲ! ಒಂದು ವಿಭಾಗದ ಉಪನ್ಯಾಸಕರು ಸೆಮಿಸ್ಟರ್ ಶುರುವಿನಲ್ಲೇ ಒಟ್ಟಿಗೆ ಕೂತು ಎಲ್ಲ ಗಡುವುಗಳಿಗೂ ಒಂದೇ ಕ್ಯಾಲೆಂಡರ್ ಮಾಡಬಹುದು, ಅಲ್ವಾ? ಪ್ರೋಗ್ರಾಮಿಂಗ್ ಲ್ಯಾಬ್ ರೆಕಾರ್ಡನ್ನು ಪ್ರಿಂಟ್ ತೆಗೆದು ಕೊಡಲು ಬಿಡಲಿ. ವಾರಕ್ಕೊಂದು ಮಧ್ಯಾಹ್ನ ಮೈದಾನಕ್ಕೆ ಮೀಸಲಿಡಲಿ. ಇದಕ್ಕೆ ದುಡ್ಡೂ ಬೇಡ, ಹೊಸ ಆದೇಶವೂ ಬೇಡ. ಮುಂದಿನ ಸೆಮಿಸ್ಟರ್‌ನಿಂದಲೇ ಕಾಲೇಜುಗಳು ಶುರು ಮಾಡಲಿ.

– ಒಬ್ಬ ತಾಯಿ, ಬೆಂಗಳೂರು